ಹೊಲದ ಅಸಲು, ಪಟ್ಟಣದ ಬಾಕಿ

‘ಪ್ರಕೃತಿಯಲ್ಲಿ ಯಾವುದೂ ವ್ಯರ್ಥವಾಗುವುದಿಲ್ಲ, ಎಲ್ಲವೂ ಚಕ್ರದಂತೆ ತಿರುಗಿ ಬರುತ್ತದೆ’ ಎಂದು ಹೇಳುವುದು ನಮ್ಮ ಪಟ್ಟಣದ ವಿದ್ಯಾವಂತರಲ್ಲಿ ಒಂದು ಸದಾಚಾರವೇ ಆಗಿಬಿಟ್ಟಿದೆ. ಪರಿಸರ ದಿನಾಚರಣೆಯ ವೇದಿಕೆಯ ಮೇಲೆ ಈ ಮಾತು ತಪ್ಪದೆ ಬರುತ್ತದೆ. ಶಾಲೆಯ ಗೋಡೆಗಳ ಮೇಲೆ ಬಾಣದ ಗುರುತುಗಳ ವೃತ್ತವೊಂದನ್ನು ಬರೆದು ಮಕ್ಕಳಿಗೆ ಇದನ್ನೇ ಕಲಿಸುತ್ತಾರೆ. ಕೇಳುವವರಿಗೂ ಹಿತ, ಹೇಳುವವರಿಗೂ ಹಿತ. ಎಲ್ಲವೂ ತಾನಾಗಿಯೇ ತಿರುಗಿ ಬರುವುದಾದರೆ ಯಾರೂ ಏನೂ ಮಾಡಬೇಕಾಗಿಲ್ಲವಷ್ಟೆ!

ಈ ಹಿತವಾದ ಮಾತಿನಲ್ಲಿ ಅರ್ಧ ಸುಳ್ಳು; ಮಿಕ್ಕ ಅರ್ಧ ಷರತ್ತಿನ ಮೇಲೆ ಮಾತ್ರ ನಿಜ. ಸುಳ್ಳಾದ ಅರ್ಧವನ್ನು ನಂಬಿಕೊಂಡು, ನಿಜವಾದ ಅರ್ಧದ ಷರತ್ತನ್ನು ಮರೆತುಬಿಟ್ಟಿರುವುದರಿಂದಲೇ ನಮ್ಮ ಹೊಲಗಳ ಮಣ್ಣು ಬಡವಾಗುತ್ತಿದೆ, ನಮ್ಮ ಕೆರೆಗಳು ನೊರೆ ಕಾರುತ್ತಿವೆ ಎಂಬುದು ನನ್ನ ವಾದ. ಇದನ್ನು ತೋರಿಸಲು ದೂರ ಹೋಗಬೇಕಾಗಿಲ್ಲ. ಬೆಂಗಳೂರು-ಮೈಸೂರಿನ ಓದುಗರು ಭಾನುವಾರ ಬೆಳಿಗ್ಗೆ ಹೊರಟು ಸಂಜೆಗೆ ಮನೆ ಸೇರಬಹುದಾದ ಪಾಲಹಳ್ಳಿಯವರೆಗೆ ಬಂದರೆ ಸಾಕು.

ಪಾಲಹಳ್ಳಿ ಶ್ರೀರಂಗಪಟ್ಟಣದ ಬಳಿಯ, ಕಾವೇರಿಯ ಬಲದಂಡೆಯ ಊರು. ಮೇಲೆ ಕನ್ನಂಬಾಡಿ, ಪಕ್ಕದಲ್ಲಿ ರಂಗನತಿಟ್ಟು, ಸುತ್ತಲೂ ನಾಲೆಯ ನೀರಿನ ಕಬ್ಬು ಮತ್ತು ಬತ್ತ. ರಂಗನತಿಟ್ಟನ್ನು ನೋಡಿದವರು ಲಕ್ಷಾಂತರ ಮಂದಿ. ಪಾಲಹಳ್ಳಿಯ ಹೆಸರು ಕೇಳಿದವರು ಅವರಲ್ಲಿ ಎಷ್ಟು ಮಂದಿಯೋ! ದೋಣಿಯಲ್ಲಿ ಕುಳಿತು ಕೊಕ್ಕರೆಗಳ ಚಿತ್ರ ತೆಗೆದುಕೊಂಡು, ದಾರಿಯಲ್ಲಿ ಕಬ್ಬಿನ ಹಾಲು ಕುಡಿದು, ಅಲ್ಲಿಗೆ ಪ್ರಕೃತಿ ದರ್ಶನ ಮುಗಿಯಿತೆಂದು ಹಿಂತಿರುಗುತ್ತೇವೆ. ಕೊಕ್ಕರೆಗೂ ಕಬ್ಬಿಗೂ ನಮ್ಮ ಮನೆಯ ಬಚ್ಚಲಿಗೂ ಒಂದೇ ಲೆಕ್ಕದ ಪುಸ್ತಕವಿದೆ ಎಂಬುದು ಯಾರ ಮನಸ್ಸಿಗೂ ಬರುವುದಿಲ್ಲ.

ಮೊದಲು ಸುಳ್ಳಾದ ಅರ್ಧವನ್ನು ನೋಡೋಣ. ಜೀವಲೋಕದಲ್ಲಿ ಎರಡು ಬಗೆಯ ಸಾಗಾಟ ನಡೆಯುತ್ತದೆ. ಒಂದು ಶಕ್ತಿಯದು, ಇನ್ನೊಂದು ಸತ್ತ್ವದ್ದು. ಶಕ್ತಿ ಬರುವುದು ಸೂರ್ಯನಿಂದ. ಎಲೆಯ ಮೇಲೆ ಬಿದ್ದ ಬಿಸಿಲಿನಲ್ಲಿ ನೂರಕ್ಕೆ ಒಂದು ಪಾಲನ್ನೋ, ಕಬ್ಬಿನಂಥ ಚುರುಕಾದ ಬೆಳೆಯಾದರೆ ಒಂದೆರಡು ಪಾಲನ್ನೋ ಗಿಡ ಹಿಡಿದಿಟ್ಟುಕೊಳ್ಳುತ್ತದೆ. ಆ ಗಿಡವನ್ನು ತಿಂದ ಪ್ರಾಣಿ ಅದರಲ್ಲಿ ಬಹುಭಾಗವನ್ನು ಓಡಾಟಕ್ಕೆ, ಉಸಿರಾಟಕ್ಕೆ, ಮೈಯ ಕಾವಿಗೆ ವೆಚ್ಚ ಮಾಡಿ, ಸುಮಾರು ಹತ್ತರಲ್ಲಿ ಒಂದು ಪಾಲನ್ನು ಮಾತ್ರ ತನ್ನ ಮೈಗೆ ಕೂಡಿಸಿಕೊಳ್ಳುತ್ತದೆ. ಅದನ್ನು ತಿಂದ ಪ್ರಾಣಿಗೆ ಮತ್ತೆ ಅದರಲ್ಲಿ ಹತ್ತರ ಒಂದು ಪಾಲು. ಈ ಲೆಕ್ಕವನ್ನು ಮೊದಲು ಗಟ್ಟಿಯಾಗಿ ಹಾಕಿದವನು ಅಮೆರಿಕದ ರೇಮಂಡ್ ಲಿಂಡೆಮನ್. ಮಿನ್ನೆಸೊಟ ಸಂಸ್ಥಾನದ ಒಂದು ಸಣ್ಣ ಕೆರೆಯ ಬಳಿ ವರ್ಷಗಟ್ಟಲೆ ಕೂತು ಆತ ಬರೆದ ಲೇಖನವನ್ನು ಪರಿಶೀಲಕರು ಮೊದಲು ಒಪ್ಪಲಿಲ್ಲ. ಅದು 1942ರಲ್ಲಿ ಅಚ್ಚಾಗುವ ವೇಳೆಗೆ, ಇಪ್ಪತ್ತೇಳು ತುಂಬುವ ಮೊದಲೇ, ಆತ ತೀರಿಕೊಂಡಿದ್ದ.

ಲಿಂಡೆಮನ್ನನ ಲೆಕ್ಕವನ್ನು ರಂಗನತಿಟ್ಟಿಗೆ ತಂದು ರೂಪಾಯಿ ಆಣೆಯಲ್ಲಿ ಹೇಳುವುದಾದರೆ ಹೀಗೆ. ಕಾವೇರಿಯ ಪಾಚಿ ಸಾವಿರ ರೂಪಾಯಿಯ ಬಿಸಿಲನ್ನು ಕೂಡಿಟ್ಟಿತು ಎನ್ನಿ. ಪಾಚಿ ತಿನ್ನುವ ಸಣ್ಣ ಹುಳುಗಳ ಕೈಗೆ ಬರುವುದು ನೂರು. ಹುಳು ತಿನ್ನುವ ಮೀನಿಗೆ ಹತ್ತು. ಮೀನು ತಿನ್ನುವ ಕೊಕ್ಕರೆಗೆ ಒಂದು. ಗೂಡಿನಿಂದ ಜಾರಿಬಿದ್ದ ಕೊಕ್ಕರೆಯ ಮರಿಯನ್ನು ನುಂಗುವ ಮೊಸಳೆಗೆ ಹತ್ತು ಪೈಸೆ. ಬಂಡೆಯ ಮೇಲೆ ಬಾಯಿ ತೆರೆದು ಮಲಗುವ ಮೊಸಳೆಗಳು ಎಣಿಕೆಗೆ ಸಿಗುವಷ್ಟೇ ಏಕೆ, ಮೀನುಗಳು ಎಣಿಕೆಗೆ ಸಿಗದಷ್ಟು ಏಕೆ ಎಂಬ ಪ್ರಶ್ನೆಗೆ ಇದೇ ಉತ್ತರ. ಮಿಕ್ಕ ರೂಪಾಯಿಗಳೆಲ್ಲ ಕಾವಾಗಿ ಗಾಳಿಯಲ್ಲಿ ಸೇರಿಹೋದವು. ಅವು ತಿರುಗಿ ಬರುವುದಿಲ್ಲ. ಯಾವ ಮೊಸಳೆಯೂ ಸೂರ್ಯನಿಗೆ ಬಿಸಿಲನ್ನು ಹಿಂದಿರುಗಿಸಿದ್ದಿಲ್ಲ. ಶಕ್ತಿ ಎನ್ನುವುದು ದಿನಗೂಲಿ. ಇಂದು ಬಂದದ್ದು ಇಂದೇ ಖರ್ಚು, ನಾಳೆಯದು ನಾಳೆ ಹುಟ್ಟಬೇಕು. ಪುಣ್ಯಕ್ಕೆ ಸೂರ್ಯ ಒಂದು ದಿನವೂ ರಜ ಹಾಕದ ಧಣಿ.

ಸತ್ತ್ವದ ಮಾತು ಬೇರೆ. ಸಾರಜನಕ, ರಂಜಕ, ಪೊಟ್ಯಾಷ್, ಸುಣ್ಣ, ಗಂಧಕ ಇವು ಆಕಾಶದಿಂದ ದಿನವೂ ಉದುರುವ ಕೂಲಿಯಲ್ಲ. ಮಣ್ಣಿನಲ್ಲಿ ಇರುವ ಅಸಲು. ಸಾರಜನಕಕ್ಕಾದರೂ ಗಾಳಿಯಲ್ಲಿ ದೊಡ್ಡ ಭಂಡಾರವಿದೆ. ಅವರೆ, ಹುರುಳಿ, ಸೆಣಬುಗಳ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಅಲ್ಲಿಂದ ಅದನ್ನು ಇಳಿಸಿಕೊಡಬಲ್ಲವು. ರಂಜಕಕ್ಕೆ ಆ ದಾರಿಯೂ ಇಲ್ಲ. ಹೊಲದಿಂದ ನದಿಗೆ, ನದಿಯಿಂದ ಕಡಲಿಗೆ ಇಳಿದ ರಂಜಕ ಕಡಲ ತಳದಲ್ಲಿ ಕಲ್ಲಾಗಿ ಕೂತುಬಿಟ್ಟರೆ, ಆ ಕಲ್ಲು ಬೆಟ್ಟವಾಗಿ ಮೇಲೆದ್ದು ಸವೆದು ಮತ್ತೆ ಮಣ್ಣಾಗಲು ಲಕ್ಷಾಂತರ ವರ್ಷ ಬೇಕು. ಅಷ್ಟು ಕಾಲ ಕಾಯಲು ನಮ್ಮ ರೈತನಿಗೂ ಪುರುಸೊತ್ತಿಲ್ಲ, ಸಾಲ ಕೊಟ್ಟ ಬ್ಯಾಂಕಿಗೂ ಇಲ್ಲ.

ಹಾಗಾದರೆ ಸತ್ತ್ವ ಚಕ್ರದಂತೆ ತಿರುಗುವುದು ಹೇಗೆ? ಅದೇ ಆ ಷರತ್ತು: ಒಯ್ದದ್ದನ್ನು ಯಾರಾದರೂ ಹಿಂದಕ್ಕೆ ತಂದು ಹಾಕಬೇಕು. ಕಾಡಿನಲ್ಲಿ ಈ ಕೆಲಸವನ್ನು ಗೆದ್ದಲು, ಎರೆಹುಳು, ಅಣಬೆ, ಉದುರಿದ ಎಲೆ ಮಾಡುತ್ತವೆ. ತಿಂದವನು ಅಲ್ಲೇ ತಿಂದು ಅಲ್ಲೇ ಸಾಯುವುದರಿಂದ ಚಕ್ರ ಮುರಿಯುವುದಿಲ್ಲ. ನದಿಯಿಂದ ದಡಕ್ಕೆ ಸತ್ತ್ವವನ್ನು ಹತ್ತಿಸುವ ಕೂಲಿಗಳು ಹಕ್ಕಿಗಳು. ಇದೇ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ, ಕೊಕ್ಕರೆಗಳು ಊರೊಳಗಿನ ಹುಣಿಸೆ, ಆಲದ ಮರಗಳ ಮೇಲೆಯೇ ಗೂಡು ಕಟ್ಟುತ್ತವೆ. ಆ ಊರಿನವರು ಮರದ ಬುಡದಲ್ಲಿ ಗುಂಡಿ ತೋಡಿ, ಕೆರೆಗೋಡು ಬೆರೆಸಿ, ಹಕ್ಕಿಯ ಹಿಕ್ಕೆಯನ್ನು ಗೊಬ್ಬರ ಮಾಡಿ ಹೊಲಕ್ಕೆ ಹೊತ್ತರು. ಹಕ್ಕಿ ಬಂದರೆ ಊರಿಗೆ ಶುಭ ಎಂಬ ಅವರ ನಂಬಿಕೆಯನ್ನು ನಾವು ಮೂಢನಂಬಿಕೆ ಎಂದು ನಕ್ಕರೆ ನಗಬಹುದು. ಕೆರೆಯಲ್ಲಿ ಕರಗಿಹೋಗಬೇಕಾಗಿದ್ದ ರಂಜಕ ಮೀನಿನ ಮೂಳೆಯ ಮೂಲಕ ಹೊಲಕ್ಕೆ ಬಂದು ಬೀಳುವುದು ಶುಭವಲ್ಲದೆ ಮತ್ತೇನು?

ಈಗ ಪಾಲಹಳ್ಳಿಯ ಕಬ್ಬಿಗೆ ಬರೋಣ. 1847ರಲ್ಲಿ ಗ್ರೋವ್ಸ್ ಕಂಪನಿಯವರು ಇಲ್ಲಿ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆಯನ್ನು ಸ್ಥಾಪಿಸಿದರು. ರೈತರ ಆಲೆಮನೆಗಳಿಂದ ಬಂದ ಬೆಲ್ಲವನ್ನು ಇಲ್ಲಿ ಶುದ್ಧಿಮಾಡಿ ಬಿಳಿಯ ಸಕ್ಕರೆ ಮಾಡುತ್ತಿದ್ದರು. 1851ರ ಲಂಡನ್ನಿನ ಮಹಾಪ್ರದರ್ಶನದಲ್ಲಿ ಪಾಲಹಳ್ಳಿಯ ಸಕ್ಕರೆಗೆ ಪದಕವೂ ಬಂತು. ಆ ಕಾರ್ಖಾನೆ ಹೋಗಿ ಎಷ್ಟೋ ಕಾಲವಾಯಿತು. ಮುಂದೆ 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಕಬ್ಬು ಈ ಸೀಮೆಯ ಭಾಗ್ಯವೆನಿಸಿತು. ಅಂತೂ ನೂರೆಪ್ಪತ್ತು ವರ್ಷಗಳಿಗೂ ಮೀರಿ ಈ ಮಣ್ಣಿನಿಂದ ಸಿಹಿ ಹೊರಗೆ ಹೋಗುತ್ತಲೇ ಇದೆ.

ಇಲ್ಲಿ ಓದುಗರು ಒಂದು ವಿಚಿತ್ರವನ್ನು ಗಮನಿಸಬೇಕು. ಶುದ್ಧವಾದ ಸಕ್ಕರೆಯಲ್ಲಿ ಮಣ್ಣಿನ ಸತ್ತ್ವ ಎಂಬುದು ಇಲ್ಲವೇ ಇಲ್ಲ. ಇಂಗಾಲ, ಜಲಜನಕ, ಆಮ್ಲಜನಕ ಈ ಮೂರೇ ಅದರಲ್ಲಿರುವುದು. ಇಂಗಾಲ ಗಾಳಿಯಿಂದ ಬಂದದ್ದು, ಜಲಜನಕ ನಾಲೆಯ ನೀರಿನಿಂದ ಬಂದದ್ದು, ಅವನ್ನು ಬೆಸೆದ ಶಕ್ತಿ ಬಿಸಿಲಿನದು. ನಮ್ಮ ಕಾಫಿಯ ಲೋಟದಲ್ಲಿ ಕರಗುವ ಒಂದು ಚಮಚ ಸಕ್ಕರೆ ಎಂದರೆ ಗಾಳಿ, ನೀರು ಮತ್ತು ಬಿಸಿಲು. ಮಣ್ಣು ಅದಕ್ಕೆ ದುಡಿದುಕೊಟ್ಟಿತು. ಆದರೆ ತನ್ನ ಅಸಲಿನಿಂದ ಕಾಸೊಂದನ್ನೂ ಅದರೊಳಗೆ ಹಾಕಲಿಲ್ಲ.

ಮಣ್ಣಿನಿಂದ ಕಬ್ಬು ಎಳೆದುಕೊಂಡ ಸಾರಜನಕ, ರಂಜಕ, ಪೊಟ್ಯಾಷ್ ಎಲ್ಲಿ ಹೋಯಿತು ಹಾಗಾದರೆ? ಸ್ವಲ್ಪ ಭಾಗ ಸೋಗೆಯಲ್ಲಿ, ತರಗಿನಲ್ಲಿ ಗದ್ದೆಯಲ್ಲೇ ಉಳಿಯಿತು. ಮಿಕ್ಕದ್ದು ಕಾರ್ಖಾನೆಗೆ ಹೋಯಿತು. ನೂರು ಟನ್ ಕಬ್ಬು ಅರೆದರೆ ಸುಮಾರು ಹತ್ತು ಟನ್ ಸಕ್ಕರೆ ಬರುತ್ತದೆ. ಮೂವತ್ತು ಟನ್ನಿನಷ್ಟು ಸಿಪ್ಪೆ, ಮೂರು ನಾಲ್ಕು ಟನ್ ಮಡ್ಡಿ, ನಾಲ್ಕು ಟನ್ನಿಗೆ ಮೇಲ್ಪಟ್ಟು ಕಾಕಂಬಿ ಉಳಿಯುತ್ತದೆ. ರಂಜಕ ಹೆಚ್ಚಾಗಿ ಮಡ್ಡಿಯಲ್ಲಿ, ಪೊಟ್ಯಾಷ್ ಹೆಚ್ಚಾಗಿ ಕಾಕಂಬಿಯಲ್ಲಿ. ಸಿಪ್ಪೆಯಲ್ಲಿರುವುದು ಬಹುಪಾಲು ನಾರು. ನಾರೂ ಸಕ್ಕರೆಯ ಅಣ್ಣನೇ, ಗಾಳಿ ನೀರುಗಳಿಂದ ಆದದ್ದು. ಪಕ್ಕದ ಬೆಳಗೊಳದಲ್ಲಿ ಇದೇ ಸಿಪ್ಪೆಯಿಂದ ಕಾಗದ ಮಾಡಲೆಂದು ಮಂಡ್ಯ ನ್ಯಾಷನಲ್ ಪೇಪರ್ ಮಿಲ್ಸ್ ಹುಟ್ಟಿತ್ತು. ಈಗ ಅದು ಮುಚ್ಚಿಹೋಗಿದೆ. ಆದರೆ ಆ ಯೋಚನೆಯಲ್ಲಿ ಮಣ್ಣಿಗೆ ಮೋಸವೇನೂ ಇರಲಿಲ್ಲ. ಸಕ್ಕರೆ ಮಾರಿ, ಕಾಗದವನ್ನೂ ಮಾರಿ, ಸೋಗೆ, ಮಡ್ಡಿ, ಬೂದಿ, ಕಾಕಂಬಿಯ ಉಳಿಕೆಗಳನ್ನು ಹೊಲಕ್ಕೆ ಹಿಂತಿರುಗಿಸಿದ್ದರೆ ಮಣ್ಣಿನ ಅಸಲು ಅಲ್ಲಿಯೇ ಇರುತ್ತಿತ್ತು. ಪ್ರಪಂಚದಲ್ಲಿ ಬೇಸಾಯದ ಯಾವುದಾದರೂ ವ್ಯಾಪಾರ ಮಣ್ಣನ್ನು ಬಡವಾಗಿಸದೆ ನಡೆಯಬಹುದಾಗಿದ್ದರೆ ಅದು ಸಕ್ಕರೆಯ ವ್ಯಾಪಾರ. ಅದರಲ್ಲಿಯೇ ನಾವು ಮಣ್ಣನ್ನು ಬಡವಾಗಿಸಿದ್ದೇವೆ ಎಂದರೆ ನಮ್ಮ ಜಾಣತನಕ್ಕೆ ಏನೆನ್ನಬೇಕು?

ಕಟಾವು ಮುಗಿದ ಗದ್ದೆಗೆ ಬೆಂಕಿ ಇಡುತ್ತಾರೆ. ಕಬ್ಬಿನ ತರಗು ಒಂದು ಗಂಟೆಯೊಳಗೆ ಬೂದಿಯಾಗುತ್ತದೆ. ತರಗಿನಲ್ಲಿದ್ದ ಸಾರಜನಕವೂ ಗಂಧಕವೂ ಬಹುಮಟ್ಟಿಗೆ ಹೊಗೆಯೊಡನೆ ಮೇಲೆ ಹೋಗುತ್ತವೆ. ರಂಜಕ, ಪೊಟ್ಯಾಷ್ ಬೂದಿಯಲ್ಲಿ ಉಳಿದರೂ ಗಾಳಿ ಮತ್ತು ಮೊದಲ ಮಳೆ ಅದರಲ್ಲಿ ತಮ್ಮ ಪಾಲು ತೆಗೆದುಕೊಳ್ಳುತ್ತವೆ. ಎರೆಹುಳುವಿಗೆ ಊಟವಾಗಿ ಮಣ್ಣನ್ನು ಮೆತ್ತಗೆ ಮಾಡಬೇಕಾಗಿದ್ದ ಇಂಗಾಲ ಯಾರಿಗೂ ಊಟವಾಗದೆ ಹೋಗುತ್ತದೆ. ಮಾರನೆಯ ವಾರ ಅದೇ ರೈತ ಅಂಗಡಿಗೆ ಹೋಗಿ ಯೂರಿಯಾ ಮೂಟೆ ಹೊತ್ತು ತರುತ್ತಾನೆ.

ಇಲ್ಲಿ ಪಟ್ಟಣದವರು ತಲೆಯಾಡಿಸಿ, ‘ರೈತರಿಗೆ ತಿಳಿವಳಿಕೆ ಸಾಲದು’ ಎನ್ನುತ್ತಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ತರಗನ್ನು ಸಾಲಿನ ನಡುವೆ ಹೊದಿಸಲು ಆಳು ಬೇಕು; ಆಳಿಗೆ ಕೂಲಿ ಬೇಕು. ತರಗು ಕೊಳೆಯುವುದು ತಡ. ಕೂಳೆ ಬೆಳೆಗೆ ನೀರು ಬಿಡುವ ಹೊತ್ತು ಮೀರುತ್ತದೆ. ತರಗಿನಡಿಯಲ್ಲಿ ಇಲಿ ಸೇರುತ್ತದೆ, ಇಲಿಯ ಹಿಂದೆ ಹಾವು ಬರುತ್ತದೆ. ಬೆಂಕಿಕಡ್ಡಿಯೋ ಅಗ್ಗ. ಹೀಗೆ ಲೆಕ್ಕ ಹಾಕುವವನು ದಡ್ಡನಲ್ಲ. ಅವನ ಮುಂದೆ ಇಟ್ಟಿರುವ ಲೆಕ್ಕವೇ ವಕ್ರ. ಕಬ್ಬನ್ನು ಸಾಗಿಸಲು ಲಾರಿಯನ್ನು ಗೊತ್ತುಮಾಡುವ ವ್ಯವಸ್ಥೆ, ಅದೇ ಲಾರಿಯಲ್ಲಿ ಮಡ್ಡಿಯನ್ನು ಅವನ ಗದ್ದೆಗೆ ತಪ್ಪದೆ ತಲುಪಿಸುವ ಹೊಣೆಯನ್ನು ಏಕೆ ಹೊರಬಾರದು? ತರಗನ್ನು ಪುಡಿಮಾಡುವ ಯಂತ್ರಗಳಿವೆ. ಅವನ್ನು ಹೋಬಳಿಗೆ ಬೇಕಾದಷ್ಟು ಇಟ್ಟು, ಬಾಡಿಗೆ ಬೆಂಕಿಕಡ್ಡಿಯೊಡನೆ ಸ್ಪರ್ಧಿಸುವಂತೆ ಮಾಡುವುದು ಅಸಾಧ್ಯವೇ? ಕಾಕಂಬಿಯಿಂದ ಮದ್ಯಸಾರ ತೆಗೆದ ಮೇಲೆ ಉಳಿಯುವ ಕರಿನೀರನ್ನು ಹಳ್ಳಕ್ಕೆ ಬಿಟ್ಟರೆ ಮೀನು ಸಾಯುತ್ತದೆ. ಅದನ್ನೇ ಹದಮಾಡಿ ಅಳತೆಯಲ್ಲಿ ಹೊಲಕ್ಕೆ ಕೊಟ್ಟರೆ ಪೊಟ್ಯಾಷ್. ವಸ್ತು ಒಂದೇ. ಸರಿಯಾದ ಜಾಗದಲ್ಲಿದ್ದರೆ ಗೊಬ್ಬರ, ತಪ್ಪಿದರೆ ವಿಷ.

ಇಷ್ಟಕ್ಕೆ ನಿಲ್ಲಿಸಿದರೆ ದೂರು ಹಳ್ಳಿಯ ಮೇಲೆ, ಕಾರ್ಖಾನೆಯ ಮೇಲೆ ಉಳಿದು, ಓದುಗರು ನಿಶ್ಚಿಂತೆಯಿಂದ ಪುಟ ತಿರುವಿಯಾರು. ಆದರೆ ಸಕ್ಕರೆಯಂಥ ನಿರಪರಾಧಿ ಸರಕು ಒಂದೇ. ಬತ್ತ, ರಾಗಿ, ಹಾಲು, ಕಾಳು, ಸೊಪ್ಪು, ತರಕಾರಿ ಇವೆಲ್ಲ ಮಣ್ಣನ್ನು ಹೊತ್ತೇ ಪಟ್ಟಣಕ್ಕೆ ಬರುತ್ತವೆ. ಅಕ್ಕಿಯ ಕಾಳೊಳಗೆ ರಂಜಕವಿದೆ, ಹಾಲಿನಲ್ಲಿ ಸುಣ್ಣವಿದೆ, ಅವರೆಯಲ್ಲಿ ಸಾರಜನಕವಿದೆ. ಹೊಲದ ಅಸಲನ್ನು ಚೀಲಗಳಲ್ಲಿ ಕಟ್ಟಿ ನಾವು ದಿನವೂ ತರಿಸಿಕೊಳ್ಳುತ್ತಿದ್ದೇವೆ. ಅದಕ್ಕೆ ಹಣ ಕೊಡುತ್ತೇವಲ್ಲ ಎನ್ನಬಹುದು. ಹಣ ರೈತನಿಗೆ ಸಂದಿತು; ಮಣ್ಣಿಗೆ ಏನು ಸಂದಿತು?

ಬೆಳೆದ ಮನುಷ್ಯನ ಮೈಯಲ್ಲಿ ಈ ಸತ್ತ್ವ ನಿಲ್ಲುವುದಿಲ್ಲ. ತಿಂದಷ್ಟೂ ಹೆಚ್ಚುಕಡಿಮೆ ಹೊರಗೆ ಹೋಗುತ್ತದೆ. ನಮ್ಮ ದೇಶದ ಊಟಕ್ಕೆ, ತಲೆಗೆ ವರ್ಷಕ್ಕೆ ಸುಮಾರು ಎರಡೂವರೆ ಕಿಲೋ ಸಾರಜನಕ, ಅದರಲ್ಲಿ ಹೆಚ್ಚಿನ ಪಾಲು ಮೂತ್ರದಲ್ಲಿ. ಬೆಂಗಳೂರಿನಲ್ಲಿ ಒಂದು ಕೋಟಿ ಜನ ಎಂದೇ ಹಿಡಿಯಿರಿ, ನಿಜವಾಗಿ ಇರುವುದು ಅದಕ್ಕಿಂತ ಹೆಚ್ಚು. ಕೋಟಿ ಜನಕ್ಕೆ ಇಪ್ಪತ್ತೈದು ಸಾವಿರ ಟನ್ ಸಾರಜನಕವಾಯಿತು. ಯೂರಿಯಾದಲ್ಲಿ ನೂರಕ್ಕೆ 46 ಪಾಲು ಸಾರಜನಕ. 45 ಕಿಲೋ ಚೀಲದ ಲೆಕ್ಕದಲ್ಲಿ ಇದು ಸುಮಾರು ಹನ್ನೆರಡು ಲಕ್ಷ ಚೀಲ ಯೂರಿಯಾಕ್ಕೆ ಸಮ. ಒಂದೇ ಪಟ್ಟಣ, ಒಂದೇ ವರ್ಷ. ಇದರ ಬಹುಭಾಗವನ್ನು ನಾವು ಕುಡಿಯುವಷ್ಟು ಶುದ್ಧಮಾಡಿದ ನೀರಿನಿಂದ ತೊಳೆದು ಚರಂಡಿಗೆ ಬಿಡುತ್ತೇವೆ. ಆ ನೀರಾದರೂ ಎಲ್ಲಿಯದು? ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರು, ಗುಡ್ಡ ಹತ್ತಿಸಿ, ಅಪಾರ ವಿದ್ಯುತ್ತು ಸುಟ್ಟು ತಂದ ಕಾವೇರಿ. ಅದೇ ಕಾವೇರಿಯ ಸೀಮೆಯ ಅಕ್ಕಿಯನ್ನು ಉಂಡು, ಅದೇ ಕಾವೇರಿಯ ನೀರಿನಿಂದ ತೊಳೆದು, ಊರಿನ ಪೂರ್ವದವರು ಅದನ್ನು ದಕ್ಷಿಣ ಪಿನಾಕಿನಿಯ ಕಣಿವೆಗೆ ಹರಿಸುತ್ತೇವೆ, ಪಶ್ಚಿಮದವರು ವೃಷಭಾವತಿಗೆ. ಬೆಳ್ಳಂದೂರು ಕೆರೆ ನೊರೆ ಕಾರಿ ರಸ್ತೆಗೆ ಬಂದದ್ದು, 2015, 2017 ಮತ್ತು 2018ರಲ್ಲಿ ಕೆರೆಗೇ ಬೆಂಕಿ ಬಿದ್ದದ್ದು ನಮಗೆಲ್ಲ ನೆನಪಿದೆ. ಸಾಬೂನಿನ ನೊರೆಯ ಮಾತಂತೂ ಇದ್ದೇ ಇದೆ. ಆದರೆ ಆ ಕೆರೆಯನ್ನು ಮುಚ್ಚಿದ್ದ ಕಳೆಯನ್ನು ಕೊಬ್ಬಿಸಿದ್ದು ಯಾವುದು? ಹೊಲಕ್ಕೆ ಸೇರಬೇಕಾಗಿದ್ದ ಸಾರಜನಕ, ರಂಜಕ.

ನೀರಿಗೆ ಸತ್ತ್ವ ಅತಿಯಾದರೆ ನಡೆಯುವುದು ಇಷ್ಟೆ. ಪಾಚಿ, ಕಳೆ ಉಕ್ಕುತ್ತವೆ, ಸಾಯುತ್ತವೆ, ಅವನ್ನು ಕೊಳೆಸುವ ಸೂಕ್ಷ್ಮಜೀವಿಗಳು ನೀರಿನಲ್ಲಿದ್ದ ಆಮ್ಲಜನಕವನ್ನೆಲ್ಲ ಹೀರಿಬಿಡುತ್ತವೆ, ಮೀನು ಉಸಿರುಕಟ್ಟಿ ತೇಲುತ್ತದೆ. ಮೀನು ಹೋದ ಕಡೆ ಕೊಕ್ಕರೆಗೆ ಕೆಲಸವಿಲ್ಲ. ಅಲ್ಲಿಗೆ ಲಿಂಡೆಮನ್ನನ ಏಣಿಯ ನಡುವಿನ ಮೆಟ್ಟಿಲೇ ಮುರಿದ ಹಾಗಾಯಿತು. ಹೊಲದಲ್ಲಿ ಹಸಿವು, ಕೆರೆಯಲ್ಲಿ ಅಜೀರ್ಣ. ಇವೆರಡೂ ಒಂದೇ ಕಾಯಿಲೆಯ ಎರಡು ಮುಖ. ಒಂದಕ್ಕೆ ಕೃಷಿ ಇಲಾಖೆಯವರೂ ಇನ್ನೊಂದಕ್ಕೆ ಒಳಚರಂಡಿಯವರೂ ಬೇರೆ ಬೇರೆ ಕೊಠಡಿಯಲ್ಲಿ ಕೂತು ಔಷಧಿ ಬರೆಯುತ್ತಿರುವುದು ನಮ್ಮ ಆಡಳಿತದ ವಿನೋದ.

‘ಗೊಬ್ಬರದ ಮೂಟೆಯಿದೆಯಲ್ಲ, ಈ ಹಳೆಯ ಕಾಲದ ಲೆಕ್ಕವೇಕೆ?’ ಎಂದು ಕೇಳುವವರಿದ್ದಾರೆ. ಮೂಟೆಯನ್ನು ನಾನು ನಿಂದಿಸುವುದಿಲ್ಲ. ಅದಿಲ್ಲದಿದ್ದರೆ ನಮ್ಮಲ್ಲಿ ಅನೇಕರಿಗೆ ಇಂದು ಊಟವಿರುತ್ತಿರಲಿಲ್ಲ. ಆದರೆ ಅದು ಎಲ್ಲಿಂದ ಬರುತ್ತದೆಂಬುದನ್ನು ತಿಳಿದುಕೊಂಡು ಮಾತನಾಡಬೇಕು. ಗಾಳಿಯ ಸಾರಜನಕವನ್ನು ನಾಲ್ಕೈದು ನೂರು ಡಿಗ್ರಿಯ ಕಾವಿನಲ್ಲಿ, ಭಾರಿ ಒತ್ತಡದಲ್ಲಿ, ನೈಸರ್ಗಿಕ ಅನಿಲವನ್ನು ವ್ಯಯಮಾಡಿ ಹಿಡಿಯಬೇಕು. ರಂಜಕದ ಕಲ್ಲಿಗೆ ಮೊರಾಕೊದಂಥ ದೂರದೇಶಗಳ ಮುಖ ನೋಡಬೇಕು. ಪೊಟ್ಯಾಷ್ ಅಂತೂ ಪೂರ್ತಿಯಾಗಿ ಹಡಗಿನಲ್ಲಿಯೇ ಬರಬೇಕು. ಹಾಗಿರುವಾಗ ಪಾಲಹಳ್ಳಿಯ ಗದ್ದೆಯ ಪೊಟ್ಯಾಷನ್ನು ಬೂದಿ ಮಾಡಿ ತೂರಿ, ಸಮುದ್ರದಾಚೆಯ ಪೊಟ್ಯಾಷನ್ನು ಡಾಲರು ಕೊಟ್ಟು ತರಿಸುವುದು, ಕಣಜಕ್ಕೆ ಬೆಂಕಿಯಿಟ್ಟು ಅಂಗಡಿಯಲ್ಲಿ ಅಕ್ಕಿ ಸಾಲ ಕೇಳಿದ ಹಾಗೆ. ಮೇಲಾಗಿ ಯೂರಿಯಾಕ್ಕೆ ಸರ್ಕಾರದ ರಿಯಾಯಿತಿ ಮಿಕ್ಕವಕ್ಕಿಂತ ಹೆಚ್ಚಾಗಿರುವುದರಿಂದ ರೈತ ಅಗ್ಗವಾದದ್ದನ್ನೇ ಹೆಚ್ಚು ಸುರಿಯುತ್ತಾನೆ. ಮಣ್ಣಿಗೆ ಊಟದ ಬದಲು ಬರೀ ಉಪ್ಪಿನಕಾಯಿ ಬಡಿಸಿದಂತಾಗುತ್ತದೆ. ಬೆಳೆ ಹೀರದೆ ಉಳಿದ ಸಾರಜನಕ ಮತ್ತೆ ನಾಲೆ ಹಿಡಿದು ಕಾವೇರಿಗೇ ಇಳಿಯುತ್ತದೆ.

ಇನ್ನು, ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ನಾಚಿಕೆಯೆನಿಸುವ ಸಂಗತಿ. ಜಗತ್ತಿನ ಕೃಷಿ ಗ್ರಂಥಗಳಲ್ಲಿ ‘ಬೆಂಗಳೂರು ಕ್ರಮ’ ಎಂಬ ಒಂದು ಗೊಬ್ಬರದ ವಿಧಾನವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1939ರಲ್ಲಿ ಸಿ. ಎನ್. ಆಚಾರ್ಯ ಅವರು ರೂಪಿಸಿದ್ದು. ಪಟ್ಟಣದ ಕಸವನ್ನೂ ಮಲವನ್ನೂ ಕಂದಕದಲ್ಲಿ ಪದರ ಪದರವಾಗಿ ಹರಡಿ, ಮಣ್ಣು ಮುಚ್ಚಿ, ಕೆಲವು ತಿಂಗಳು ಬಿಟ್ಟರೆ ವಾಸನೆಯಿಲ್ಲದ ಗೊಬ್ಬರ. ಹೊಲದ ಅಸಲನ್ನು ಹೊಲಕ್ಕೆ ಹಿಂತಿರುಗಿಸುವ ಬಗೆಗೆ ಲೋಕವೇ ನಮ್ಮ ಊರಿನ ಹೆಸರಿಟ್ಟು ಕರೆಯುತ್ತದೆ. ನಾವು ಮಾತ್ರ ಆ ಹೆಸರನ್ನು ಸಾಫ್ಟ್‌ವೇರಿಗೆ ಮೀಸಲಿಟ್ಟು, ಕಸವನ್ನು ಬೆರಕೆ ಮಾಡಿ ಲಾರಿಯಲ್ಲಿ ತುಂಬಿ ಹಳ್ಳಿಗಳ ಬದಿಗೆ ಸುರಿದು ಬಂದೆವು.

ಆ ಕಾಲಕ್ಕೇ ಹಿಂತಿರುಗಬೇಕೆಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವುದು ಅನ್ಯಾಯವೂ ಹೌದು. ಆ ದಿನಗಳಲ್ಲಿ ಮಲವನ್ನು ಕಂದಕದವರೆಗೆ ಹೊತ್ತವರು ಯಾರು, ಯಾವ ಜಾತಿಯವರು ಎಂಬುದನ್ನು ಮರೆತು ಗೊಬ್ಬರದ ಗುಣಗಾನ ಮಾಡುವವನಿಗೆ ಹೃದಯವಿಲ್ಲ. ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ, 1970ರ ದಶಕದಲ್ಲಿ, ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಮ್ಮ ರಾಜ್ಯ ನಿಷೇಧಿಸಿತು. ದೇಶದ ಕಾನೂನು 1993ರಲ್ಲಿ, ಮತ್ತೆ ಬಿಗಿಯಾಗಿ 2013ರಲ್ಲಿ ಬಂತು. ಆದರೂ ಮ್ಯಾನ್‌ಹೋಲಿಗೆ ಇಳಿದು ಸಾಯುವವರ ಸುದ್ದಿ ಪತ್ರಿಕೆಗಳಲ್ಲಿ ನಿಂತಿಲ್ಲ. ಆದ್ದರಿಂದ ನನ್ನ ಮಾತಿಗೆ ಒಂದು ಗೆರೆ ಹಾಕಿಯೇ ಮುಂದೆ ಹೋಗುತ್ತೇನೆ: ಸತ್ತ್ವ ಹಿಂತಿರುಗಬೇಕು, ಯಾರ ತಲೆಯ ಮೇಲೂ ಅಲ್ಲ, ಯಾರ ಪ್ರಾಣದ ಬೆಲೆಗೂ ಅಲ್ಲ. ಕೊಳವೆ, ಯಂತ್ರ, ರಸಾಯನ ವಿದ್ಯೆ ಇವೆಲ್ಲ ಇರುವುದು ಇದಕ್ಕೇ. ಚಂದ್ರನ ದಕ್ಷಿಣ ಧ್ರುವದ ಬಳಿ 2023ರಲ್ಲಿ ನೌಕೆ ಇಳಿಸಿದ ಊರಿನ ಜನಕ್ಕೆ ಮೂತ್ರದ ಸಾರಜನಕವನ್ನು ಮಂಡ್ಯಕ್ಕೆ ತಲುಪಿಸುವುದು ಬಾರದ ವಿದ್ಯೆಯಲ್ಲ, ಬೇಡದ ವಿದ್ಯೆ.

ಇನ್ನೊಂದು ಆಕ್ಷೇಪಣೆಗೂ ಬೆಲೆ ಕೊಡಬೇಕು. ಇಂದಿನ ಚರಂಡಿಯಲ್ಲಿ ಮಲಮೂತ್ರ ಮಾತ್ರವಿಲ್ಲ. ಕಾರ್ಖಾನೆಯ ಸೀಸ, ಕ್ರೋಮಿಯಂ, ಔಷಧಿ, ಮಾರ್ಜಕ ಎಲ್ಲ ಸೇರಿವೆ. ಅದನ್ನು ಹಾಗೆಯೇ ಹೊಲಕ್ಕೆ ಬಿಡುವುದು ಉಪಕಾರವಲ್ಲ. ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನು 2018ರಿಂದ ಕೋಲಾರದ ಕೆರೆಗಳಿಗೆ ಹರಿಸಲಾಗುತ್ತಿದೆ. ಬತ್ತಿದ ಕೆರೆಗಳು ತುಂಬಿದವು, ಅಂತರ್ಜಲ ಏರಿತು, ಅದು ಒಳ್ಳೆಯದೇ. ಆದರೆ ಎರಡನೆಯ ಹಂತಕ್ಕೆ ನಿಲ್ಲುವ ಸಂಸ್ಕರಣೆಯಿಂದ ರಂಜಕ, ಸಾರಜನಕ ಪೂರ್ತಿ ಹೋಗುವುದಿಲ್ಲ. ಅವು ಹೊಲಕ್ಕೆ ಸೇರದೆ ಕೆರೆಯಲ್ಲೇ ನಿಂತರೆ ಅಲ್ಲಿಯೂ ಹಸಿರು ಪಾಚಿಯೇ ಫಲ. ಆದ್ದರಿಂದ ಉಪಾಯ ಚರಂಡಿಯ ಕೊನೆಯಲ್ಲಿಲ್ಲ, ಮೊದಲಿನಲ್ಲಿದೆ. ಕಾರ್ಖಾನೆಯ ನೀರು ಮನೆಯ ನೀರಿಗೆ ಬೆರೆಯಬಾರದು. ಒಣ ಕಸ ಹಸಿ ಕಸಕ್ಕೆ ಬೆರೆಯಬಾರದು. ಸಾಧ್ಯವಾದ ದೊಡ್ಡ ಕಟ್ಟಡಗಳಲ್ಲಿ ಮೂತ್ರ ಮಲಕ್ಕೆ ಬೆರೆಯಬಾರದು. ಬೆರೆಸುವುದು ಒಂದು ಕ್ಷಣದ ಕೆಲಸ. ಬೇರ್ಪಡಿಸುವುದಕ್ಕೆ ಕೋಟಿಗಟ್ಟಲೆ ಹಣ.

ಮತ್ತೆ ರಂಗನತಿಟ್ಟು. ಹದಿನೇಳನೆಯ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಕಾವೇರಿಗೆ ಹಾಕಿದ ಕಟ್ಟೆಯಿಂದ ಎದ್ದ ತಿಟ್ಟುಗಳು ಇವು. 1940ರಲ್ಲಿ ಸಲೀಂ ಅಲಿಯವರು ಮೈಸೂರಿನ ಅರಸರ ಗಮನಕ್ಕೆ ತಂದದ್ದರಿಂದ ಪಕ್ಷಿಧಾಮವಾಯಿತು. 2022ರಲ್ಲಿ ರಾಮ್‌ಸರ್ ಪಟ್ಟಿಗೆ ಸೇರಿ ಲೋಕದ ಗಣ್ಯ ಜೌಗುಭೂಮಿಗಳಲ್ಲಿ ಒಂದೆನಿಸಿತು. ಕರ್ನಾಟಕಕ್ಕೆ ಆ ಗೌರವ ಬಂದದ್ದು ಅದೇ ಮೊದಲು. ಗೌರವದ ಫಲಕವನ್ನು ದಡದಲ್ಲಿ ನೆಟ್ಟರೆ ನೀರು ಶುದ್ಧವಾಗುವುದಿಲ್ಲ. ಬಣ್ಣದ ಕೊಕ್ಕರೆ, ಚಮಚದ ಕೊಕ್ಕು, ನೀರುಕಾಗೆ, ನೀರುನಾಯಿ ಇವೆಲ್ಲ ಮೇಲಿನ ಊರುಗಳ ಬಚ್ಚಲು, ಸುತ್ತಲಿನ ಗದ್ದೆಗಳ ಯೂರಿಯಾ, ನಾಲೆಯ ಕೊನೆಯ ಬಸಿನೀರು ಎಲ್ಲದರ ಮೊತ್ತವನ್ನು ತಮ್ಮ ಮೈಯಲ್ಲಿ ಬರೆದುಕೊಳ್ಳುವ ಶಾನುಭೋಗರು. ಅವನ್ನು ಅಲಂಕಾರವೆಂದು ಬಗೆದು ಚಿತ್ರ ತೆಗೆಯುತ್ತೇವೆ. ಅವು ಹಾರಿಹೋದ ವರ್ಷ ಆ ಲೆಕ್ಕವನ್ನು ನಮಗೆ ಓದಿ ಹೇಳುವವರಿರುವುದಿಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಸಕ್ಕರೆ ಕಾರ್ಖಾನೆಗಳು ಕಬ್ಬಿನ ತೂಕಕ್ಕೆ ತಕ್ಕ ಮಡ್ಡಿಯನ್ನು ರೈತನ ಗದ್ದೆಗೆ ಮುಟ್ಟಿಸುವುದನ್ನು ಬಿಲ್ಲಿನ ಭಾಗವಾಗಿಯೇ ಬರೆಯಬೇಕು. ತರಗು ಸುಡುವುದನ್ನು ದಂಡದಿಂದ ನಿಲ್ಲಿಸುವ ಮೊದಲು ಸುಡದವನಿಗೆ ಕೂಲಿಯ ನೆರವು ಕೊಡಬೇಕು. ಯೂರಿಯಾಕ್ಕೆ ಸುರಿಯುವ ರಿಯಾಯಿತಿಯಲ್ಲಿ ಒಂದು ಪಾಲನ್ನು ಪಟ್ಟಣದ ಗೊಬ್ಬರವನ್ನು ಹಳ್ಳಿಗೆ ಸಾಗಿಸುವ ಲಾರಿಯ ಬಾಡಿಗೆಗೆ ತಿರುಗಿಸಬೇಕು. ಪಟ್ಟಣದವರು ಹಸಿ ಕಸವನ್ನು ಬೇರೆಯಿಡುವುದನ್ನು ಪೌರಕಾರ್ಮಿಕರಿಗೆ ಮಾಡುವ ಉಪಕಾರವೆಂದು ಎಣಿಸದೆ, ತೀರಿಸಬೇಕಾದ ಸಾಲದ ಒಂದು ಕಂತು ಎಂದು ಎಣಿಸಬೇಕು. ಇದಕ್ಕೆ ತೆರಿಗೆ ಹೆಚ್ಚಾದರೆ ಗೊಣಗದೆ ಕೊಡಬೇಕು. ಅಗ್ಗದ ತರಕಾರಿ ಎಂದು ನಾವು ಸಂತೋಷಪಡುವ ಪ್ರತಿ ಬಾರಿಯೂ ಬೆಲೆಯ ಒಂದು ಪಾಲನ್ನು ಮಣ್ಣಿನ ಹೆಸರಿಗೆ ಬಾಕಿ ಬರೆಸಿಯೇ ಬಂದಿರುತ್ತೇವೆ.

ನೆರೆಮನೆಯಿಂದ ಪಾತ್ರೆಯಲ್ಲಿ ಏನಾದರೂ ಬಂದರೆ ಆ ಪಾತ್ರೆಯನ್ನು ಬರಿದಾ­ಗಿ ಹಿಂತಿರುಗಿಸಬಾರದೆಂಬುದು ನಮ್ಮ ಮನೆಗಳ ಮರ್ಯಾದೆ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕಳುಹಿಸುತ್ತಿದ್ದರು ನಮ್ಮ ಹೆಂಗಸರು. ಪ್ರತಿ ರಾತ್ರಿ ಮಂಡ್ಯದ ಕಡೆಯಿಂದ ಸೊಪ್ಪು, ತರಕಾರಿ, ಅಕ್ಕಿ ತುಂಬಿಕೊಂಡು ಬೆಂಗಳೂರಿನ ಮಾರುಕಟ್ಟೆಗೆ ಬರುವ ಲಾರಿಗಳು ಬೆಳಗಿನ ಜಾವ ಬರಿದಾಗಿ ಹಿಂತಿರುಗುತ್ತವೆ. ಆ ಲಾರಿಗಳಲ್ಲಿ ಏನು ಹಾಕಿ ಕಳುಹಿಸಬೇಕೆಂಬುದು 1939ರಿಂದಲೂ ನಮಗೆ ಗೊತ್ತಿದೆ. ಹಾಕಿ ಕಳುಹಿಸೋಣ.